ಫೋಟೊ ಕಳಿಸಿ, ಜೊತೆಗೆ ಮನೆಯ ವಿಳಾಸ ಬೇಡ

ಮೊಬೈಲ್‌ನಲ್ಲಿ ತೆಗೆದ ಫೋಟೊದ ಕಡತದಲ್ಲಿ ಕಣ್ಣಿಗೆ ಕಾಣುವ ಚಿತ್ರವಷ್ಟೇ ಇರುವುದಿಲ್ಲ. ಯಾವ ಕಂಪನಿಯ ಯಾವ ಮಾದರಿಯ ಫೋನ್, ಯಾವ ದಿನ ಎಷ್ಟು ಗಂಟೆಗೆ ಕ್ಲಿಕ್ಕಿಸಿದ್ದು, ಶಟರ್ ವೇಗ ಎಷ್ಟಿತ್ತು ಎಂಬ ವಿವರಗಳನ್ನೆಲ್ಲ ಕ್ಯಾಮೆರಾ ತಾನಾಗಿಯೇ ಅದರೊಳಗೆ ಬರೆದಿಡುತ್ತದೆ. ಕ್ಯಾಮೆರಾ ಆ್ಯಪ್‌ಗೆ ಲೊಕೇಶನ್ ಬಳಸುವ ಅನುಮತಿ ಇದ್ದರೆ, ನೀವು ನಿಂತ ಜಾಗದ ಅಕ್ಷಾಂಶ ಮತ್ತು ರೇಖಾಂಶಗಳೂ ಸೇರಿಕೊಳ್ಳುತ್ತವೆ. ಹಲವು ಫೋನ್‌ಗಳು ಸಮುದ್ರಮಟ್ಟದಿಂದ ಎತ್ತರವನ್ನೂ ಕ್ಯಾಮೆರಾ ಯಾವ ದಿಕ್ಕಿಗೆ ಮುಖಮಾಡಿತ್ತು ಎಂಬುದನ್ನೂ ದಾಖಲಿಸುತ್ತವೆ. ಹೀಗೆ ದತ್ತಾಂಶದ ಬಗ್ಗೆ ಇರುವ ದತ್ತಾಂಶವನ್ನು ಮೆಟಾಡೇಟಾ ಎನ್ನುತ್ತಾರೆ. ಫೋಟೊಗಳಲ್ಲಿ ಅದನ್ನು ಬರೆದಿಡುವ ಪದ್ಧತಿಯ ಹೆಸರು ಎಕ್ಸಿಫ್. ಡಿಜಿಟಲ್ ಕ್ಯಾಮೆರಾಗಳು ಆಗಷ್ಟೇ ಮಾರುಕಟ್ಟೆಗೆ ಬರುತ್ತಿದ್ದ 1990ರ ದಶಕದಲ್ಲಿ ಜಪಾನಿನ ಎಲೆಕ್ಟ್ರಾನಿಕ್ಸ್ ಉದ್ಯಮ ಸಂಘವೊಂದು ಇದನ್ನು ರೂಪಿಸಿತು.

ಇದರಲ್ಲಿ ಕೆಟ್ಟ ಉದ್ದೇಶವೇನೂ ಇರಲಿಲ್ಲ. ಯಾವ ಚಿತ್ರವನ್ನು ಯಾವ ಹೊಂದಾಣಿಕೆಯಲ್ಲಿ ತೆಗೆದೆ ಎಂಬುದು ಛಾಯಾಗ್ರಾಹಕನಿಗೆ ತಿಳಿದಿರಬೇಕಿತ್ತು. ಇಂದಿಗೂ ನಿಮ್ಮ ಗ್ಯಾಲರಿ ಜೋಗದ ಫೋಟೊಗಳನ್ನು ಒಂದೆಡೆ, ಹಂಪಿಯ ಫೋಟೊಗಳನ್ನು ಇನ್ನೊಂದೆಡೆ ಜೋಡಿಸಿ ಕೊಡುವುದು ಮುಖ್ಯವಾಗಿ ಈ ಟಿಪ್ಪಣಿಯ ಬಲದಿಂದಲೇ. ಆದರೆ ಫೋಟೊ ನಿಮ್ಮ ಫೋನಿನಿಂದ ಹೊರಬಿದ್ದು ಅಪರಿಚಿತರ ಕೈ ಸೇರಿದಾಗ ಅದೇ ಟಿಪ್ಪಣಿ ನಿಮ್ಮ ಮನೆಯ ಬಾಗಿಲನ್ನು ತೋರಿಸುತ್ತದೆ.

ಎಷ್ಟು ಕರಾರುವಾಕ್ಕಾಗಿ ಎಂಬುದನ್ನು ಲೆಕ್ಕ ಹಾಕಬಹುದು. ಅಕ್ಷಾಂಶವನ್ನು ದಶಮಾಂಶದ ಎರಡು ಸ್ಥಾನಗಳವರೆಗೆ ಹೇಳಿದರೆ ಸುಮಾರು 1.1 ಕಿಲೋಮೀಟರ್‌ನಷ್ಟು ಜಾಗದೊಳಗೆ ಎಲ್ಲಿಯಾದರೂ ಇರಬಹುದು ಎಂದರ್ಥ. ಬಡಾವಣೆ ಗೊತ್ತಾಗುತ್ತದೆ, ಮನೆ ಗೊತ್ತಾಗುವುದಿಲ್ಲ. ನಾಲ್ಕು ಸ್ಥಾನಗಳವರೆಗೆ ಹೇಳಿದರೆ ಆ ಅಳತೆ 11 ಮೀಟರ್‌ಗೆ ಇಳಿಯುತ್ತದೆ. ನಮ್ಮ ಊರುಗಳ 30–40 ಸೈಟಿನ ಒಂದು ಬದಿ 9 ಮೀಟರ್, ಇನ್ನೊಂದು ಬದಿ 12 ಮೀಟರ್ ಎಂಬುದನ್ನು ನೆನಪಿಸಿಕೊಂಡರೆ ವಿಷಯ ಸ್ಪಷ್ಟವಾಗುತ್ತದೆ. ಫೋನುಗಳು ಬರೆದಿಡುವುದು ನಾಲ್ಕು ಸ್ಥಾನಗಳಿಗಿಂತಲೂ ಸೂಕ್ಷ್ಮವಾದ ಸಂಖ್ಯೆಗಳನ್ನು. ಬಯಲಿನಲ್ಲಿ ಜಿಪಿಎಸ್‌ನ ನಿಖರತೆ ಸಾಮಾನ್ಯವಾಗಿ ಕೆಲವೇ ಮೀಟರ್‌ಗಳಷ್ಟು. ಕಾಂಕ್ರೀಟ್ ಚಾವಣಿಯ ಕೆಳಗೆ ಅದು ಸ್ವಲ್ಪ ತಪ್ಪಬಹುದಾದರೂ ಬೀದಿ ತಪ್ಪುವುದು ಅಪರೂಪ.

ಇದರ ಅತ್ಯಂತ ಪ್ರಸಿದ್ಧ ಉದಾಹರಣೆ 2012ರ ಡಿಸೆಂಬರ್‌ನದು. ಆ್ಯಂಟಿವೈರಸ್ ಉದ್ಯಮದ ಆದ್ಯರಲ್ಲೊಬ್ಬರಾದ ಜಾನ್ ಮೆಕಾಫಿ, ನೆರೆಯವರೊಬ್ಬರ ಕೊಲೆ ಪ್ರಕರಣದಲ್ಲಿ ಮಧ್ಯ ಅಮೆರಿಕದ ಬೆಲೀಜ್ ದೇಶದ ಪೊಲೀಸರು ವಿಚಾರಣೆಗೆ ಹುಡುಕುತ್ತಿದ್ದಾಗ ತಲೆಮರೆಸಿಕೊಂಡಿದ್ದರು. ಅವರ ಜೊತೆಗಿದ್ದ ವೈಸ್ ಪತ್ರಿಕೆಯವರು ತಾಣದಲ್ಲಿ ಒಂದು ಫೋಟೊ ಪ್ರಕಟಿಸಿದರು. ಐಫೋನಿನಲ್ಲಿ ತೆಗೆದ ಆ ಚಿತ್ರದ ಮೆಟಾಡೇಟಾ ಹಾಗೆಯೇ ಉಳಿದಿತ್ತು. ಮೆಕಾಫಿ ನೆರೆಯ ದೇಶವಾದ ಗ್ವಾಟೆಮಾಲಾದಲ್ಲಿರುವುದನ್ನು ಓದುಗರೇ ಪತ್ತೆಹಚ್ಚಿದರು, ಕೆಲವೇ ದಿನಗಳಲ್ಲಿ ಬಂಧನವೂ ಆಯಿತು. ಕಂಪ್ಯೂಟರ್ ಸುರಕ್ಷತೆಯನ್ನೇ ಕಸುಬಾಗಿಸಿಕೊಂಡಿದ್ದವರ ವಿಷಯದಲ್ಲೇ ಹೀಗಾಗಿದೆ ಎಂಬುದನ್ನು ಗಮನಿಸಬೇಕು.

ಯಾವ ದಾರಿಯಲ್ಲಿ ಕಳಿಸುತ್ತೀರಿ ಎಂಬುದೇ ಮುಖ್ಯ

ಎಲ್ಲ ಫೋಟೊಗಳಿಂದಲೂ ಮಾಹಿತಿ ಸೋರುವುದಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಗ್ಯಾಲರಿಯಿಂದ ಆಯ್ದು ಎಂದಿನಂತೆ ಫೋಟೊ ಕಳಿಸಿದರೆ, ಅದು ಚಿತ್ರವನ್ನು ಕುಗ್ಗಿಸಿ ಹೊಸದಾಗಿ ಬರೆಯುತ್ತದೆ; ಆ ಕ್ರಮದಲ್ಲಿ ಲೊಕೇಶನ್ ಕಳಚಿ ಹೋಗುತ್ತದೆ. ಸಿಗ್ನಲ್ ಎಂಬ ಸಂದೇಶ ಆ್ಯಪ್ ಕೂಡ ಹೀಗೆಯೇ. ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂಗಳಲ್ಲಿ ಇತರರು ನೋಡುವ ಪ್ರತಿಯಿಂದ ಈ ವಿವರವನ್ನು ತೆಗೆಯಲಾಗುತ್ತದೆ, ಆದರೆ ನೀವು ಏರಿಸಿದ ಮೂಲ ಕಡತವನ್ನು ಕಂಪನಿ ಓದಿಯೇ ಇರುತ್ತದೆ ಎಂದು ತಿಳಿದುಕೊಳ್ಳುವುದು ಕ್ಷೇಮ.

ತೊಂದರೆ ಇರುವುದು ಬೇರೆ ದಾರಿಗಳಲ್ಲಿ. ‘ಕ್ಲಾರಿಟಿ ಹೋಗುತ್ತದೆ, ಡಾಕ್ಯುಮೆಂಟ್ ಮಾಡಿ ಕಳಿಸಿ’ ಎಂಬ ಮಾತು ನಮ್ಮ ಫೋಟೊ ಸ್ಟುಡಿಯೊಗಳಲ್ಲಿ, ಫ್ಲೆಕ್ಸ್ ಮುದ್ರಿಸುವವರಲ್ಲಿ, ಮದುವೆ ಮನೆಗಳ ಗುಂಪುಗಳಲ್ಲಿ ದಿನವೂ ಕೇಳಿಬರುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದ ಫೋಟೊ ಒಂದು ಬೈಟ್ ಕೂಡ ಬದಲಾಗದೆ, ಅಕ್ಷಾಂಶ ರೇಖಾಂಶ ಸಮೇತ ಆ ತುದಿಯನ್ನು ತಲುಪುತ್ತದೆ. ಟೆಲಿಗ್ರಾಂನಲ್ಲಿ ಫೈಲ್ ಆಗಿ ಕಳಿಸಿದರೂ ಇದೇ ಕಥೆ. ಇ–ಮೇಲ್‌ಗೆ ಲಗತ್ತಿಸಿದ, ಗೂಗಲ್ ಡ್ರೈವ್‌ನಲ್ಲಿ ಹಾಕಿ ಲಿಂಕ್ ಕೊಟ್ಟ, ಬ್ಲೂಟೂತ್ ಅಥವಾ ಕ್ವಿಕ್ ಶೇರ್ ಮೂಲಕ ದಾಟಿಸಿದ ಫೋಟೊಗಳೂ ಮೂಲ ಸ್ವರೂಪದಲ್ಲೇ ಹೋಗುತ್ತವೆ. ವಿಕಿಪೀಡಿಯದ ಚಿತ್ರಭಂಡಾರವಾದ ವಿಕಿಮೀಡಿಯ ಕಾಮನ್ಸ್ ಮೆಟಾಡೇಟಾವನ್ನು ಉಳಿಸಿಕೊಳ್ಳುವುದಷ್ಟೇ ಅಲ್ಲ, ಪುಟದ ಕೆಳಗೆ ಪಟ್ಟಿ ಮಾಡಿ ಎಲ್ಲರಿಗೂ ತೋರಿಸುತ್ತದೆ. ಶಾಸನ, ದೇವಸ್ಥಾನಗಳ ಚಿತ್ರಗಳಿಗೆ ಅದು ಉಪಕಾರಿ. ಮನೆಯ ಅಂಗಳದಲ್ಲಿ ತೆಗೆದ ದಾಸವಾಳದ ಚಿತ್ರ ಏರಿಸುವ ಕನ್ನಡ ವಿಕಿಪೀಡಿಯ ಸಂಪಾದಕರು ಮಾತ್ರ ಒಮ್ಮೆ ಯೋಚಿಸಬೇಕು.

ಆದ್ದರಿಂದ ಮೊದಲು ಮಾಡಬೇಕಾದ ಕೆಲಸ ಪರೀಕ್ಷೆ. ಮನೆಯಲ್ಲೇ ಒಂದು ಫೋಟೊ ತೆಗೆಯಿರಿ. ಗೂಗಲ್ ಫೋಟೋಸ್‌ನಲ್ಲಾಗಲಿ ಐಫೋನಿನ ಫೋಟೋಸ್‌ನಲ್ಲಾಗಲಿ ಆ ಚಿತ್ರವನ್ನು ತೆರೆದು ಬೆರಳಿನಿಂದ ಮೇಲಕ್ಕೆ ಸರಿಸಿದರೆ ವಿವರಗಳು ಕಾಣುತ್ತವೆ. ಅಲ್ಲಿ ನಕ್ಷೆ ಕಂಡರೆ ಲೊಕೇಶನ್ ದಾಖಲಾಗಿದೆ ಎಂದರ್ಥ. ಬಳಿಕ ವಾಟ್ಸ್ಆ್ಯಪ್‌ನಲ್ಲಿ ನಿಮ್ಮದೇ ಸಂಖ್ಯೆಗೆ ಅದನ್ನು ಒಮ್ಮೆ ಫೋಟೊ ಆಗಿ, ಇನ್ನೊಮ್ಮೆ ಡಾಕ್ಯುಮೆಂಟ್ ಆಗಿ ಕಳಿಸಿ, ಕಂಪ್ಯೂಟರಿನ ವಾಟ್ಸ್ಆ್ಯಪ್ ವೆಬ್‌ನಿಂದ ಎರಡನ್ನೂ ಇಳಿಸಿಕೊಳ್ಳಿ. ವಿಂಡೋಸ್‌ನಲ್ಲಿ ಕಡತದ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಪ್ರಾಪರ್ಟೀಸ್’, ಅದರೊಳಗೆ ‘ಡೀಟೇಲ್ಸ್’ ತೆರೆದು ಹೋಲಿಸಿ ನೋಡಿದರೆ, ಒಂದರಲ್ಲಿ ಜಿಪಿಎಸ್ ವಿಭಾಗ ಇರುವುದೂ ಇನ್ನೊಂದರಲ್ಲಿ ಇಲ್ಲದಿರುವುದೂ ಕಣ್ಣಾರೆ ಕಾಣುತ್ತದೆ.

ಕ್ಯಾಮೆರಾ ಬರೆಯದಂತೆ ಮಾಡುವುದು

ಆ್ಯಂಡ್ರಾಯ್ಡ್ ಫೋನಿನಲ್ಲಿ ಕ್ಯಾಮೆರಾ ಆ್ಯಪ್ ತೆರೆದು ಅದರ ಸೆಟ್ಟಿಂಗ್ಸ್‌ಗೆ ಹೋಗಿ. ಸ್ಯಾಮ್ಸಂಗ್‌ನಲ್ಲಿ ‘ಲೊಕೇಶನ್ ಟ್ಯಾಗ್ಸ್’, ಬೇರೆ ಕಂಪನಿಗಳ ಫೋನುಗಳಲ್ಲಿ ‘ಸೇವ್ ಲೊಕೇಶನ್’ ಅಥವಾ ಅದನ್ನು ಹೋಲುವ ಹೆಸರಿನ ಗುಂಡಿ ಇರುತ್ತದೆ, ಅದನ್ನು ಆಫ್ ಮಾಡಿ. ಹೆಸರು ಹುಡುಕುವುದು ಕಷ್ಟವಾದರೆ ಎಲ್ಲ ಫೋನುಗಳಿಗೂ ಹೊಂದುವ ಉಪಾಯ ಒಂದಿದೆ: ಕ್ಯಾಮೆರಾ ಚಿಹ್ನೆಯನ್ನು ಒತ್ತಿ ಹಿಡಿದು, ‘ಆ್ಯಪ್ ಇನ್ಫೊ’, ‘ಪರ್ಮಿಷನ್ಸ್’, ‘ಲೊಕೇಶನ್’ ಎಂದು ಒಂದೊಂದಾಗಿ ಒಳಹೊಕ್ಕು ‘ಡೋಂಟ್ ಅಲೋ’ ಆಯ್ದುಕೊಳ್ಳಿ. ಐಫೋನಿನಲ್ಲಿ ಸೆಟ್ಟಿಂಗ್ಸ್, ‘ಪ್ರೈವಸಿ ಆ್ಯಂಡ್ ಸೆಕ್ಯುರಿಟಿ’, ‘ಲೊಕೇಶನ್ ಸರ್ವಿಸಸ್’, ‘ಕ್ಯಾಮೆರಾ’ ಎಂಬ ಕ್ರಮದಲ್ಲಿ ಹೋಗಿ ‘ನೆವರ್’ ಎಂಬುದನ್ನು ಒತ್ತಿ.

ಇಡೀ ಫೋನಿನ ಜಿಪಿಎಸ್ ಆಫ್ ಮಾಡುವ ಅಗತ್ಯವಿಲ್ಲ. ಆಟೊ ಕರೆಯುವುದಕ್ಕೆ, ದಾರಿ ಹುಡುಕುವುದಕ್ಕೆ ಅದು ಬೇಕೇ ಬೇಕು. ಪ್ರತಿ ಆ್ಯಪ್‌ನ ಅನುಮತಿ ಪ್ರತ್ಯೇಕವಾದುದರಿಂದ, ರಾಜ್ಯದ ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ಹೊಲದ ಫೋಟೊ ತೆಗೆಯುವ ರೈತರಿಗೂ ಕ್ಯಾಮೆರಾದ ಅನುಮತಿ ತೆಗೆದಿದ್ದರಿಂದ ಅಡ್ಡಿಯಾಗುವುದಿಲ್ಲ. ಆದರೆ ಕಚೇರಿ, ಶಾಲೆಗಳಲ್ಲಿ ವರದಿಗಾಗಿ ಬಳಸುವ, ಚಿತ್ರದ ಮೇಲೆಯೇ ನಕ್ಷೆ, ವಿಳಾಸ, ಸಮಯವನ್ನು ಮುದ್ರಿಸುವ ಜಿಪಿಎಸ್ ಕ್ಯಾಮೆರಾ ಆ್ಯಪ್‌ಗಳ ವಿಷಯ ಬೇರೆ. ಅವು ಬರೆದದ್ದು ಚಿತ್ರದ ಭಾಗವೇ ಆಗಿಬಿಡುವುದರಿಂದ ವಾಟ್ಸ್ಆ್ಯಪ್ ಅದನ್ನು ಕಳಚಲಾರದು. ಅಂಥ ಆ್ಯಪ್‌ನಲ್ಲಿ ಮಕ್ಕಳ ಹುಟ್ಟುಹಬ್ಬದ ಫೋಟೊ ತೆಗೆಯಬೇಡಿ ಎಂದಷ್ಟೇ ಹೇಳಬಹುದು.

ಈಗಾಗಲೇ ತೆಗೆದ ಫೋಟೊಗಳು

ಐಫೋನಿನಲ್ಲಿ ಫೋಟೊ ಆಯ್ದು ‘ಶೇರ್’ ಒತ್ತಿದಾಗ ಮೇಲ್ಭಾಗದಲ್ಲಿ ‘ಆಪ್ಷನ್ಸ್’ ಎಂದು ಸಣ್ಣದಾಗಿ ಕಾಣುತ್ತದೆ. ಅದನ್ನು ಒತ್ತಿ ‘ಲೊಕೇಶನ್’ ಎಂಬುದನ್ನು ಆಫ್ ಮಾಡಿ ಕಳಿಸಿದರೆ ಆ ಪ್ರತಿಯಲ್ಲಿ ಸ್ಥಳದ ವಿವರ ಇರುವುದಿಲ್ಲ, ನಿಮ್ಮ ಬಳಿಯ ಮೂಲದಲ್ಲಿ ಉಳಿದಿರುತ್ತದೆ. ಸ್ಯಾಮ್ಸಂಗ್ ಗ್ಯಾಲರಿಯಲ್ಲಿ ಚಿತ್ರವನ್ನು ಮೇಲಕ್ಕೆ ಸರಿಸಿ ‘ಎಡಿಟ್’ ಒತ್ತಿ ಸ್ಥಳವನ್ನು ಅಳಿಸಬಹುದು. ಗೂಗಲ್ ಫೋಟೋಸ್‌ನಲ್ಲಿ ಆಲ್ಬಂ ಹಂಚುವವರು ಆಲ್ಬಂನ ಆಯ್ಕೆಗಳಲ್ಲಿ ‘ಶೇರ್ ಫೋಟೊ ಲೊಕೇಶನ್’ ಆಫ್ ಆಗಿದೆಯೇ ಎಂದು ನೋಡಿಕೊಳ್ಳಬೇಕು. ವಿಂಡೋಸ್‌ನಲ್ಲಿ ಮೇಲೆ ಹೇಳಿದ ‘ಡೀಟೇಲ್ಸ್’ ಪುಟದ ತಳದಲ್ಲಿ ‘ರಿಮೂವ್ ಪ್ರಾಪರ್ಟೀಸ್ ಆ್ಯಂಡ್ ಪರ್ಸನಲ್ ಇನ್ಫರ್ಮೇಶನ್’ ಎಂಬ ಕೊಂಡಿ ಇದೆ. ಅದು ವಿವರಗಳಿಲ್ಲದ ಹೊಸ ಪ್ರತಿಯನ್ನು ಮಾಡಿಕೊಡುತ್ತದೆ. ಮ್ಯಾಕ್ ಬಳಸುವವರು ‘ಪ್ರಿವ್ಯೂ’ನಲ್ಲಿ ಚಿತ್ರ ತೆರೆದು, ‘ಟೂಲ್ಸ್’ ಪಟ್ಟಿಯ ಇನ್‌ಸ್ಪೆಕ್ಟರ್‌ನಲ್ಲಿ ಜಿಪಿಎಸ್ ವಿಭಾಗಕ್ಕೆ ಹೋದರೆ ಲೊಕೇಶನ್ ತೆಗೆಯುವ ಗುಂಡಿ ಸಿಗುತ್ತದೆ. ನೂರಾರು ಚಿತ್ರಗಳನ್ನು ಒಟ್ಟಿಗೆ ಶುಚಿಗೊಳಿಸಬೇಕಾದವರಿಗೆ ಫಿಲ್ ಹಾರ್ವೆಯವರ ಉಚಿತ ತಂತ್ರಾಂಶ ಎಕ್ಸಿಫ್‌ಟೂಲ್ ಇದೆ, ಅದಕ್ಕೆ ಆಜ್ಞೆಗಳನ್ನು ಟೈಪಿಸುವ ಅಭ್ಯಾಸ ಬೇಕು.

ಯಾವುದೂ ಬಗೆಹರಿಯದಿದ್ದರೆ ಫೋಟೊವನ್ನು ಪರದೆಯಲ್ಲಿ ತೆರೆದು ಸ್ಕ್ರೀನ್‌ಶಾಟ್ ತೆಗೆದು ಅದನ್ನೇ ಕಳಿಸಿ. ಗುಣಮಟ್ಟ ಸ್ವಲ್ಪ ಇಳಿಯುತ್ತದೆ, ಆದರೆ ಮೂಲ ಫೋಟೊದ ಸ್ಥಳ ಅದಕ್ಕೆ ಅಂಟಿಕೊಂಡು ಬರುವುದಿಲ್ಲ. ‘ಇಲ್ಲಿ ಫೋಟೊ ಹಾಕಿ, ಮೆಟಾಡೇಟಾ ತೆಗೆದು ಕೊಡುತ್ತೇವೆ’ ಎನ್ನುವ ಗೊತ್ತುಗುರಿಯಿಲ್ಲದ ಜಾಲತಾಣಗಳಿಗೆ ಮಾತ್ರ ಹೋಗಬೇಡಿ. ಅದು ಬೀಗ ಸರಿಯಿದೆಯೇ ನೋಡೆಂದು ಕಳ್ಳನ ಕೈಗೆ ಕೀಲಿ ಕೊಟ್ಟಂತೆ.

ಕತ್ತರಿಸಿದರೂ ಉಳಿಯುವುದು

ಲೊಕೇಶನ್ ತೆಗೆದ ಮೇಲೂ ಕಡತದಲ್ಲಿ ಬೇರೆ ಸಂಗತಿಗಳು ಇರಬಹುದು, ಇವುಗಳ ಬಗ್ಗೆ ಹೆಚ್ಚಿನವರಿಗೆ ಅರಿವಿಲ್ಲ. ಹಲವು ಫೋನುಗಳ ‘ಮೋಷನ್ ಫೋಟೊ’ ಅಥವಾ ‘ಲೈವ್ ಫೋಟೊ’ ಸೌಲಭ್ಯ ಚಾಲೂ ಇದ್ದರೆ, ಕ್ಲಿಕ್ಕಿಸುವ ಕ್ಷಣದ ಹಿಂದುಮುಂದಿನ ಒಂದೆರಡು ಸೆಕೆಂಡುಗಳ ವಿಡಿಯೊ ಫೋಟೊದ ಜೊತೆಗೇ ಸೇರಿರುತ್ತದೆ, ಅದರಲ್ಲಿ ಪಕ್ಕದಲ್ಲಿದ್ದವರು ಆಡಿದ ಮಾತೂ ಕೇಳಿಸಬಹುದು. ಕ್ಯಾಮೆರಾದ ಮೇಲ್ಪಟ್ಟಿಯಲ್ಲಿ ಅದರ ಚಿಹ್ನೆ ಇರುತ್ತದೆ, ಬೇಡವಾದಾಗ ಆಫ್ ಮಾಡಿಡಿ.

ಇನ್ನೊಂದು, ಚಿತ್ರದ ಅಂಚನ್ನು ಕತ್ತರಿಸುವ ಕೆಲಸ. 2023ರ ಮಾರ್ಚ್‌ನಲ್ಲಿ ಇಬ್ಬರು ಸಂಶೋಧಕರು, ಗೂಗಲ್ ಪಿಕ್ಸೆಲ್ ಫೋನುಗಳ ಮಾರ್ಕಪ್ ಸಾಧನದಲ್ಲಿ ಕತ್ತರಿಸಿ ಉಳಿಸಿದ ಸ್ಕ್ರೀನ್‌ಶಾಟ್‌ಗಳಲ್ಲಿ ತೆಗೆದುಹಾಕಿದ ಭಾಗದ ದತ್ತಾಂಶ ಕಡತದ ಬಾಲದಲ್ಲಿ ಉಳಿದಿರುತ್ತಿತ್ತೆಂದೂ, ಅದನ್ನು ಭಾಗಶಃ ಮರಳಿ ಪಡೆಯಬಹುದೆಂದೂ ತೋರಿಸಿಕೊಟ್ಟರು. ವಿಂಡೋಸ್ 11ರ ಸ್ನಿಪ್ಪಿಂಗ್ ಟೂಲ್‌ನಲ್ಲೂ ಅಂಥದೇ ದೋಷ ಕಂಡುಬಂತು. ಎರಡನ್ನೂ ಸರಿಪಡಿಸಲಾಗಿದೆ, ಆದರೆ ಅದಕ್ಕೂ ಮುಂಚೆ ಹಂಚಿದ ಚಿತ್ರಗಳನ್ನು ಆ ತಿದ್ದುಪಡಿ ಮುಟ್ಟುವುದಿಲ್ಲ. ಬ್ಯಾಂಕ್ ಪಾಸ್‌ಬುಕ್ಕಿನ ಸಂಖ್ಯೆಯನ್ನು ಹೈಲೈಟರ್‌ನ ಕಪ್ಪು ಬಣ್ಣದಿಂದ ಬಳಿದು ಮುಚ್ಚುವ ಅಭ್ಯಾಸವನ್ನೂ ಬಿಡಬೇಕು. ಹೈಲೈಟರ್ ಅರೆಪಾರದರ್ಶಕವಾದುದರಿಂದ ಚಿತ್ರದ ಹೊಳಪು ಹೆಚ್ಚಿಸಿದರೆ ಅಡಿಯ ಅಂಕಿಗಳು ಮತ್ತೆ ಕಾಣಬಹುದು. ತುಂಬಿದ ಕಪ್ಪು ಚೌಕದಿಂದ ಮುಚ್ಚಿ, ಬಳಿಕ ಸ್ಕ್ರೀನ್‌ಶಾಟ್ ತೆಗೆದು ಕಳಿಸುವುದು ಉತ್ತಮ. ಆಧಾರ್‌ಗಾದರೆ ಈ ಸರ್ಕಸ್ಸೇ ಬೇಡ. ಪ್ರಾಧಿಕಾರದ ತಾಣದಿಂದಲೇ ಕೊನೆಯ 4 ಅಂಕಿಗಳನ್ನಷ್ಟೇ ತೋರಿಸುವ ಮಾಸ್ಕ್ಡ್ ಆಧಾರ್ ಇಳಿಸಿಕೊಳ್ಳಬಹುದು.

ಮೆಟಾಡೇಟಾ ಪೂರ್ತಿ ಅಳಿಸಿದರೂ ಚಿತ್ರವೇ ಮಾತನಾಡುತ್ತದೆ ಎಂಬುದನ್ನು ಮರೆಯುವಂತಿಲ್ಲ. ಕೆಎ–19 ಎಂದರೆ ಮಂಗಳೂರು, ಕೆಎ–20 ಎಂದರೆ ಉಡುಪಿ. ಹಿಂದೆ ನಿಂತ ಸ್ಕೂಟರಿನ ಫಲಕ, ಅಂಗಡಿಯ ಬೋರ್ಡಿನ ಪಿನ್‌ಕೋಡ್, ಮಗುವಿನ ಸಮವಸ್ತ್ರದ ಲಾಂಛನ, ವಿದ್ಯುತ್ ಕಂಬದ ಸಂಖ್ಯೆ ಇವೆಲ್ಲ ಸುಳಿವುಗಳೇ. 2025ರಿಂದೀಚೆಗೆ ಚಾಟ್‌ಜಿಪಿಟಿಯಂಥ ಕೃತಕ ಬುದ್ಧಿಮತ್ತೆಯ ಸಾಧನಗಳಿಗೆ ಫೋಟೊ ಕೊಟ್ಟು ಊರನ್ನು ಊಹಿಸಲು ಹೇಳುವುದು ಜನರಿಗೆ ಆಟವಾಗಿಬಿಟ್ಟಿದೆ, ಅವುಗಳ ಊಹೆ ಹಲವು ಸಲ ಸರಿಯೂ ಇರುತ್ತದೆ. ಕಾನೂನಿನ ನೆರವನ್ನು ನೆಚ್ಚಿಕೊಳ್ಳುವವರು ಒಂದು ಅಂಶ ಗಮನಿಸಬೇಕು: 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು, ವ್ಯಕ್ತಿ ತಾನಾಗಿಯೇ ಸಾರ್ವಜನಿಕಗೊಳಿಸಿದ ಮಾಹಿತಿಗೆ ಅನ್ವಯಿಸುವುದಿಲ್ಲ.

ಅಳಿಸಬಾರದ ಸಂದರ್ಭ

ಅಪಘಾತ, ಕಳ್ಳತನ, ಜಮೀನಿನ ಗಡಿಯ ತಕರಾರು, ವಿಮೆಯ ಕ್ಲೇಮು ಇಂಥವಕ್ಕೆ ತೆಗೆದ ಫೋಟೊಗಳಲ್ಲಿ ಸಮಯ ಮತ್ತು ಸ್ಥಳವೇ ಸಾಕ್ಷ್ಯದ ಬಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಇಲೆಕ್ಟ್ರಾನಿಕ್ ದಾಖಲೆಯ ಜೊತೆ ಸಲ್ಲಿಸುವ ಪ್ರಮಾಣಪತ್ರದಲ್ಲಿ ಆ ಕಡತದ ಹ್ಯಾಶ್ ಮೌಲ್ಯವನ್ನು, ಅಂದರೆ ಕಡತದಿಂದ ಲೆಕ್ಕ ಹಾಕಿ ಪಡೆಯುವ ಬೆರಳಚ್ಚಿನಂಥ ಸಂಕೇತವನ್ನು, ನಮೂದಿಸಬೇಕಾಗುತ್ತದೆ. ಕಡತದಲ್ಲಿ ಒಂದು ಅಕ್ಷರ ಬದಲಾದರೂ ಆ ಮೌಲ್ಯ ಬದಲಾಗುತ್ತದೆ. ಹಾಗಾಗಿ ಮೂಲವನ್ನು ಮುಟ್ಟದೆ ಫೋನಿನಲ್ಲೂ ಕಂಪ್ಯೂಟರಿನಲ್ಲೂ ಇಟ್ಟುಕೊಂಡು, ವಕೀಲರಿಗೆ ಕಳಿಸುವಾಗ ಡಾಕ್ಯುಮೆಂಟ್ ಆಗಿಯೇ ಕಳಿಸಬೇಕು. ಬೇರೆಡೆ ತಪ್ಪಿಸಬೇಕೆಂದ ದಾರಿ ಇಲ್ಲಿ ಸರಿಯಾದ ದಾರಿ.

ಕೊನೆಯದಾಗಿ, ಈಗಾಗಲೇ ಹಂಚಿಬಿಟ್ಟ ಫೋಟೊಗಳು. ಡ್ರೈವ್‌ನಲ್ಲಿ ‘ಲಿಂಕ್ ಇರುವ ಯಾರು ಬೇಕಾದರೂ’ ನೋಡಬಹುದಾದ ಹಳೆಯ ಫೋಲ್ಡರ್‌ಗಳಿದ್ದರೆ ಆ ಅನುಮತಿಯನ್ನು ‘ರಿಸ್ಟ್ರಿಕ್ಟೆಡ್’ ಎಂದು ಬದಲಿಸಿ, ಬೇಕಾದವರ ಇ–ಮೇಲ್ ವಿಳಾಸಗಳನ್ನಷ್ಟೇ ಸೇರಿಸಿ. ಕಾಮನ್ಸ್‌ನಲ್ಲಿ ಶುಚಿಗೊಳಿಸಿದ ಹೊಸ ಪ್ರತಿಯನ್ನು ಏರಿಸಿದರೂ ಹಳೆಯ ಪ್ರತಿ ಇತಿಹಾಸದಲ್ಲಿ ಉಳಿಯುತ್ತದೆ. ಅದನ್ನು ಮರೆಮಾಡಿ ಎಂದು ಅಲ್ಲಿನ ನಿರ್ವಾಹಕರನ್ನು ಕೇಳಿಕೊಳ್ಳಬೇಕಾಗುತ್ತದೆ. ಡಾಕ್ಯುಮೆಂಟ್ ಆಗಿ ಹೋದ ಚಿತ್ರವನ್ನು ವಾಟ್ಸ್ಆ್ಯಪ್‌ನ ‘ಡಿಲೀಟ್ ಫಾರ್ ಎವ್ರಿಒನ್’ ಮೂಲಕ ಹಿಂಪಡೆಯಲು ಎರಡು ದಿನಕ್ಕಿಂತ ತುಸು ಹೆಚ್ಚು ಅವಕಾಶವಿದೆ, ಆದರೆ ಆ ಕಡೆಯವರು ಅಷ್ಟರೊಳಗೆ ಕಡತವನ್ನು ಬೇರೆಡೆ ಉಳಿಸಿಕೊಂಡಿದ್ದರೆ ಅದು ಅಳಿಯುವುದಿಲ್ಲ.