ಅಂಟುಗೈಯಲ್ಲೇ ಪುಟ ತಿರುಗಿಸಿದ್ದು: ನನ್ನ ಅನುಭವ

ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ನಮ್ಮ ಚಿಕ್ಕಪ್ಪನದು ಬೀಟೆ ಮರದ ಇನ್‌ಲೇ ಕೆಲಸ, ಅಂದರೆ ಮರ ಕೊರೆದು ಬೇರೆ ಬಣ್ಣದ ಚೂರು ಕೂರಿಸಿ ಚಿತ್ರ ಮಾಡೋದು. ಕೈತುಂಬ ಅಂಟು, ಎದುರಿಗೆ ಹಳೇ ಲ್ಯಾಪ್‌ಟಾಪಿನಲ್ಲಿ ಡಿಸೈನು. ಚಿತ್ರ ಬದಲಿಸಲು ಪ್ರತಿ ಸಲ ಕೈ ಒರೆಸಿಕೊಳ್ಳಬೇಕು. ಕೀಬೋರ್ಡ್ ಎರಡು ಸಲ ಹಾಳಾಯಿತು. ಕೈ ಬೀಸಿದರೆ ಸಾಕು, ಇರೋ ಸ್ಪೀಕರು ಮೈಕಿನಲ್ಲೇ ಪುಟ ತಿರುಗಿಸ್ತೀನಿ ಅಂದೆ. "ಗಾಳೀಲಿ ಕೈ ಆಡಿಸಿದ್ರೆ ಅದಕ್ಕೆ ಕೇಳ್ತದೇನೋ ಮಗ?" ಅಂದರು. ಗೆಳೆಯರೂ ಕ್ಯಾಮೆರಾ ಹಾಕು ಅಂದರು. ಮರದ ಪುಡಿ ಕೂರುವ ಕಡೆ ಕ್ಯಾಮೆರಾ ಎಷ್ಟು ದಿನ ಕಂಡೀತು?

2012ರಲ್ಲೇ ಮೈಕ್ರೋಸಾಫ್ಟ್ ರಿಸರ್ಚ್ ಮತ್ತು ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಸ್ಪೀಕರು ಮೈಕಿನಿಂದಲೇ ಕೈ ಚಲನೆ ಗುರುತಿಸುವ 'ಸೌಂಡ್‌ವೇವ್' ಮಾಡಿ ತೋರಿಸಿದ್ದರು. ಅದೇ ಡಾಪ್ಲರ್ ದಾರಿ ಹಿಡಿದೆ: ಸ್ಪೀಕರಿನಿಂದ ಹೆಚ್ಚುಕಡಿಮೆ ಕಿವಿಗೆ ಕೇಳದಷ್ಟು ಕೀಚಲು ಶಬ್ದ ಬಿಡೋದು; ಹತ್ತಿರ ಬರುವ ಕೈಗೆ ಬಡಿದು ವಾಪಸಾದರೆ ಅದರ ಕಂಪನ ಏರುತ್ತದೆ, ಕೈ ದೂರ ಹೋದರೆ ಇಳಿಯುತ್ತದೆ. 20 ಕಿಲೋಹರ್ಟ್ಸ್ ಶಬ್ದ ಹೊರಡಿಸಲು ಹೋದರೆ ಆ ಸ್ಪೀಕರ್ ಉಸಿರೇ ಎತ್ತಲಿಲ್ಲ. 18.5ಕ್ಕೆ ಇಳಿಸಿದೆ. ಆದರೂ ಮೈಕಿನಲ್ಲಿ ಏನೂ ಇಲ್ಲ. ಮೈಕೇ ಸರಿಯಿಲ್ಲ ಅಂತ ಹೊಸ ಮೈಕು, ಯುಎಸ್‌ಬಿ ಸೌಂಡ್ ಕಾರ್ಡು ತಂದು ಹತ್ತಿರ ಹತ್ತಿರ ಎರಡು ಸಾವಿರ ಕಳೆದೆ. ಮೂರು ವಾರ ಆದ ಮೇಲೆ ಗೊತ್ತಾಯಿತು: ಗದ್ದಲ ತಗ್ಗಿಸುವ ಸೆಟ್ಟಿಂಗು ನನ್ನ ಶಬ್ದವನ್ನೇ ಗದ್ದಲ ಅಂದುಕೊಂಡು ಅಳಿಸುತ್ತಿತ್ತು. ಅದನ್ನು ಆಫ್ ಮಾಡಿದ್ದೇ ತಡ, ಗ್ರಾಫಿನಲ್ಲಿ ಆ ಶಬ್ದದ ಗೆರೆ ಗರುಡಗಂಬದ ಹಾಗೆ ನಿಂತಿತು. ಆ ಸಂಜೆ ನಾನು ಊಟಕ್ಕೂ ಏಳಲಿಲ್ಲ.

ಸೆಕೆಂಡಿಗೆ 44,100 ಸಲ ಶಬ್ದ ಅಳೆಯುವ ಸ್ಯಾಂಪಲಿಂಗ್, ಅದರಲ್ಲಿ 4096 ಅಳತೆ ಒಟ್ಟಿಗೆ ಹಿಡಿದು ಯಾವ ಕಂಪನ ಎಷ್ಟಿದೆ ಅಂತ ಬಿಡಿಸುವ ಎಫ್‌ಎಫ್‌ಟಿ ಲೆಕ್ಕ. ಒಂದು ಬಿನ್ನು, ಅಂದರೆ ಗ್ರಾಫಿನ ಒಂದು ಮನೆ, ಸುಮಾರು 11 ಹರ್ಟ್ಸ್. ಕೈ ಸೆಕೆಂಡಿಗೆ ಅರ್ಧ ಮೀಟರ್ ಓಡಿದರೆ ಐವತ್ತು ಚಿಲ್ಲರೆ ಹರ್ಟ್ಸ್ ಸರಿಯುತ್ತದೆ, ಧಾರಾಳ ಸಾಕು. ನಿಜವಾದ ಕಾಟ ಬೇರೆ. ಕೈ ಮುಂದೆ ತಂದರೆ ಪುಟ ತಿರುಗೋದು, ಕೈ ವಾಪಸ್ ತೆಗೆಯುತ್ತಿದ್ದ ಹಾಗೆ ಹಿಂದಿನ ಪುಟಕ್ಕೇ ಬಂದು ಕೂರೋದು! ಮೊದಲ ಚಲನೆ ಹಿಡಿದ ಮೇಲೆ ಮುಕ್ಕಾಲು ಸೆಕೆಂಡ್ ಕಿವಿ ಮುಚ್ಚಿಸಿದೆ, ಸರಿಹೋಯಿತು.

ಫ್ಯಾನು ಇನ್ನೊಂದು ಶನಿ. ಅದರ ರೆಕ್ಕೆ ಗ್ರಾಫಿನ ಗೆರೆಯ ಎರಡೂ ಪಕ್ಕ ಒಟ್ಟಿಗೆ ಮಸುಕು ಹರಡುತ್ತದೆ, ಕೈ ಒಂದೇ ಪಕ್ಕ. ಇಷ್ಟು ಹೇಳಿದರೆ ನಿಮಗೆ ಹೊಳೆಯಬೇಕು. ಎಷ್ಟಾದರೆ ಕೈ ಅಂತ ಎಣಿಸಬೇಕು ಅನ್ನುವ ಮಿತಿಯನ್ನು ತಾನಾಗಿಯೇ ಏರಿಸಿ ಇಳಿಸುವ ನಾಲ್ಕು ಸಾಲಿನ ಕೋಡ್ ಮಾತ್ರ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ನಡುವೆ ಫೋನಿನಲ್ಲೂ ಹಾಕಿ ನೋಡಿದೆ. ಬಾಗಿಲು ತೆರೆದರೂ, ಬೆಕ್ಕು ಹಾದುಹೋದರೂ ಗೊತ್ತಾಗುತ್ತಿತ್ತು, ಆದರೆ ಬ್ಯಾಟರಿ ಮಧ್ಯಾಹ್ನಕ್ಕೇ ಖಾಲಿ. ಅಕ್ಕನ ಮಗಳು "ಮಾಮ, ಕೀಂಯ್ ಅಂತಿದೆ" ಅಂತ ಕಿವಿ ಮುಚ್ಚಿಕೊಂಡಳು. ನಮಗ್ಯಾರಿಗೂ ಕೇಳಿಸಿರಲಿಲ್ಲ. ಈಗ ವಾಲ್ಯೂಮ್ ಅರ್ಧಕ್ಕಿಂತ ಕಡಿಮೆ, ಮಕ್ಕಳು ಬಂದರೆ ಪೂರಾ ಬಂದ್.

ಇಪ್ಪತ್ತು ಸಲ ಬೀಸಿದರೆ ಹದಿನೆಂಟು ಸಲ ತಪ್ಪದೆ ತಿರುಗುತ್ತದೆ. ಚಿಕ್ಕಪ್ಪ ಹೋದ ವಾರ ಪಕ್ಕದ ಅಂಗಡಿಯವರನ್ನು ಕರೆದು, ಅಂಟು ಮೆತ್ತಿದ ಕೈಯನ್ನು ತಾವೇ ಬೀಸಿ ತೋರಿಸಿದರು. ಅವರ ಲ್ಯಾಪ್‌ಟಾಪೂ ಈಗ ನನ್ನ ಮೇಜಿನ ಮೇಲಿದೆ.