ಹಳೇ ಬೀಳಿನ ಹುಲ್ಲಿಗೆ ಕುಡುಗೋಲು ಯಾವಾಗ?

ದೀಪಾವಳಿ ಮುಗಿಸಿ ಹುಲ್ಲು ಕೊಯ್ಯೋದು ನಮ್ಮ ಕಡೂರು ಕಡೆ ತುಂಬಾ ಮನೆಗಳ ರೂಢಿ. ಆದರೆ 2023ರಲ್ಲಿ ನರಕ ಚತುರ್ದಶಿ ಬಂದದ್ದು ನವೆಂಬರ್ 12ಕ್ಕೆ, 2025ರಲ್ಲಿ ಅಕ್ಟೋಬರ್ 20ಕ್ಕೆ. ಹುಲ್ಲು ಹಬ್ಬಕ್ಕೆ ಕಾಯುತ್ತಾ? ನಾನಂತೂ ಹಸ್ತ ಮಳೆ ಹೊತ್ತಿಗೇ, ಅಂದರೆ ಸೆಪ್ಟೆಂಬರ್ ಕೊನೆಗೇ, ಬೀಳು ಸುತ್ತಲು ಶುರು ಮಾಡುತ್ತೇನೆ.

ಉಳುಮೆ ಕಾಣದ ಹಳೇ ಬೀಳಿನಲ್ಲಿ ಹತ್ತು ಜಾತಿ ಹುಲ್ಲು ಬೆರೆತಿರುತ್ತದೆ. ಎಲ್ಲವೂ ಒಟ್ಟಿಗೆ ಹದಕ್ಕೆ ಬರುವುದಿಲ್ಲ. ಹಾಗಾಗಿ ಒಂದನ್ನೇ ನೋಡಿ: ಊಬಿನ ಹುಲ್ಲು (ಊಬು ಅಂದರೆ ತೆನೆಯ ಮುಳ್ಳುಗೂದಲು). ನಮ್ಮಲ್ಲಿ ಜಾಸ್ತಿ ಇರುವುದೂ ಅದೇ, ತೊಂದರೆ ಕೊಡುವುದೂ ಅದೇ. ತೆನೆ ಹೊರಬಂದು ಊಬು ಇನ್ನೂ ಹಸಿರಾಗಿ, ಮೆತ್ತಗಿದ್ದರೆ ಅದೇ ಕೊಯ್ಲಿನ ಹೊತ್ತು. ಊಬು ಕಂದಾಗಿ, ಒಂದಕ್ಕೊಂದು ಹೆಣೆದುಕೊಂಡು, ಎಳೆದರೆ ಕೈಗೇ ಬಂದು ಚುಚ್ಚಿದರೆ ತಡವಾಯ್ತು ಅಂತಲೇ ಲೆಕ್ಕ. ಆ ಮುಳ್ಳು ಕುರಿಯ ಉಣ್ಣೆ ದಾಟಿ ಚರ್ಮಕ್ಕೆ ಇಳಿಯುತ್ತದೆ, ದನದ ಬಾಯಿ ಹುಣ್ಣು ಮಾಡುತ್ತದೆ. ಬೀಜ ಕಟ್ಟಿದ ಮೇಲೆ ದಂಟು ನಾರಾಗಿ ಸತ್ವವೂ ಇಳಿಯುತ್ತದೆ. ಇನ್ನೊಂದು ಹದಿನೈದು ದಿನ ಬಿಟ್ಟರೆ ಎರಡು ಹೊರೆ ಜಾಸ್ತಿ ಸಿಗುತ್ತೆ ಅನ್ನುವವರಿಗೆ ಸಿಗುವುದು ಬರೀ ಕಡ್ಡಿ.

ತಕರಾರು ಇರುವುದು ಮಳೆಯದ್ದು. ಹುಲ್ಲು ಹದಕ್ಕೆ ಬರುವಾಗಲೇ ಚಿತ್ತೆ ಮಳೆ, ಅದರ ಹಿಂದೆಯೇ ಸ್ವಾತಿ. ಅದಕ್ಕೇ ಬೀಳನ್ನು ಒಂದೇ ಸಲ ಬೋಳಿಸಬೇಡಿ. ಕುರಿ ಓಡಾಡುವ ಭಾಗವನ್ನು ಮೊದಲು, ಮೋಡವಿದ್ದರೂ ಸರಿ, ದಿನಕ್ಕೆ ಬೇಕಾದಷ್ಟೇ ಕೊಯ್ದು ಹಸಿಯಾಗಿಯೇ ಹಾಕಿ. ಮೆದೆಗೆ ಹಾಕುವ ಹುಲ್ಲಿಗೆ ಮಾತ್ರ ಬಿಸಿಲು ಕಾಯಬೇಕು. ಮೂರು ದಿನ ಆಕಾಶ ತೆರೆದು, ಬೆಳಿಗ್ಗೆ ಇಬ್ಬನಿ ದಟ್ಟವಾಗಿ ಬಿದ್ದು, ಮೂಡಗಾಳಿ ಒಣಗಿ ಬೀಸತೊಡಗಿದರೆ ನಾನು ಕುಡುಗೋಲಿಗೆ ಅರ ಹಾಕಿಸುತ್ತೇನೆ. ಅದಕ್ಕಿಂತ ತಡ ಮಾಡಿದರೆ ರಾಗಿ ಕೊಯ್ಲು ಬರುತ್ತದೆ. ಆಮೇಲೆ ದುಡ್ಡು ಕೊಟ್ಟರೂ ಆಳು ಸಿಗಲ್ಲ.

ಬೇಗ ಕೊಯ್ದರೆ ಇನ್ನೊಂದು ಲಾಭ ಇದೆ. ನೆಲದಲ್ಲಿ ತೇವ ಇರುವಾಗಲೇ ಬುಡ ಮತ್ತೆ ಚಿಗುರುತ್ತದೆ. ಇಲ್ಲಿನ ಬಾಸೂರು ಅಮೃತಮಹಲ್ ಕಾವಲು (ಹುಲ್ಲುಗಾವಲು) 2011ರಿಂದ ಸಂರಕ್ಷಿತ ಮೀಸಲು. ಅಲ್ಲಿನ ಕೃಷ್ಣಮೃಗಗಳಿಗೂ ಆಳೆತ್ತರದ ಹುಲ್ಲು ಬೇಡ, ಗಿಡ್ಡ ಚಿಗುರೇ ಬೇಕು. ನಮ್ಮ ದನಗಳೂ ಹಾಗೇ ಅಲ್ವಾ? ಚಿಗುರು ಬರಬೇಕಾದರೆ ನೆಲದಿಂದ ನಾಲ್ಕು ಬೆರಳು ಬಿಟ್ಟು ಕೊಯ್ಯಿರಿ. ನೆಲ ಕೆರೆದು ಕೊಯ್ದರೆ ಗರಿಕೆ ತಡೆದುಕೊಳ್ಳುತ್ತದೆ, ಉಳಿದವು ಸೊರಗುತ್ತವೆ. ಆ ಜಾಗಕ್ಕೆ ಕಾಂಗ್ರೆಸ್ ಗಿಡ ಬರುತ್ತದೆ. ಅದನ್ನು ಹೂ ಬಿಡುವ ಮೊದಲೇ, ಕೈಗೆ ಚೀಲ ಕಟ್ಟಿಕೊಂಡು, ಬೇರು ಸಮೇತ ಕೀಳಿ.

ಬೆಳಿಗ್ಗೆ ಇಬ್ಬನಿ ಪೂರ್ತಿ ಆರುವ ಮೊದಲೇ ಕೊಯ್ಯಲು ಶುರು ಮಾಡಿದರೆ ಕುಡುಗೋಲು ಸಲೀಸಾಗಿ ಹೋಗುತ್ತದೆ. ಮೊದಲು ಕೋಲಿನಿಂದ ಬಡಿದು ಹೆಜ್ಜೆ ಇಡಿ, ಕೊಳಕುಮಂಡಲ ಹಾವು ಸುಮ್ನೆ ಬಿದ್ದಿರುತ್ತದೆ. ಗೌಜಲಕ್ಕಿ ಪಕ್ಕನೆ ಹಾರಿದರೆ ಬುಡದಲ್ಲಿ ಮೊಟ್ಟೆ ಇದೆಯಾ ನೋಡಿ, ಇದ್ದರೆ ಅಷ್ಟು ಜಾಗ ಬಿಟ್ಟುಬಿಡಿ. ಬದುವಿನ ಕಡೆ ಒಂದು ಪಟ್ಟೆ ಬೀಜಕ್ಕೆ ಉಳಿಸಿ.

ಕೊಯ್ದದ್ದನ್ನು ತೆಳ್ಳಗೆ ಹರಡಿ, ಮಧ್ಯಾಹ್ನ ಮಗುಚಿ. ಸಂಜೆ ಒಟ್ಟು ಮಾಡಿಟ್ಟರೆ ರಾತ್ರಿಯ ಇಬ್ಬನಿ ಮೇಲಷ್ಟೇ ಕೂರುತ್ತದೆ. ಒಂದು ಹಿಡಿ ತಿರುಚಿದಾಗ ದಂಟು ಲಟಕ್ಕನೆ ಮುರಿಯಬೇಕು. ಬರೀ ಬಾಗಿದರೆ ಇನ್ನೊಂದು ದಿನ ಬಿಸಿಲಿಗೆ ಬಿಡಿ. ಮೆದೆ ಹಾಕಿದ ಮೇಲೂ ಒಂದೆರಡು ವಾರ ಆಗಾಗ ಮೊಳಕೈ ತನಕ ಕೈ ತೂರಿಸಿ ನೋಡಿ. ಒಳಗೆ ಬಿಸಿ ತಾಗಿ ಮುಗ್ಗಲು ವಾಸನೆ ಬಂದರೆ ಅವತ್ತೇ ಕಿತ್ತು ಹರಡಿ. ನಾಳೆಗೆ ಬಿಟ್ಟರೆ ಬೂಷ್ಟು ಹಿಡಿಯುತ್ತದೆ, ಬಿಸಿ ಏರುತ್ತಾ ಹೋದರೆ ಮೆದೆಗೆ ತಾನಾಗಿಯೇ ಬೆಂಕಿ ಹತ್ತುವುದೂ ಉಂಟು.