ದಡದಲ್ಲಿ ನಿಂತವರ ಪಾಠ

ಮೊದಲ ವರ್ಷ ನಾನು ಮಾಡಿದ್ದು ಬರೀ ಭಾಷಣ. ಬೇಸಿಗೆ ರಜೆಗೆ ಇನ್ನೆರಡು ದಿನ ಇದೆ ಅನ್ನುವಾಗ ಆರನೇ ತರಗತಿಯ ಮಕ್ಕಳನ್ನು ಕೂರಿಸಿಕೊಂಡೆ. ದೊಡ್ಡವರಿಲ್ಲದೆ ನೀರಿನ ಹತ್ತಿರ ಹೋಗಬೇಡಿ, ಆಳ ಗೊತ್ತಿಲ್ಲದ ಕಡೆ ಧುಮುಕಬೇಡಿ ಅಂತ ಅರ್ಧ ಗಂಟೆ ಹೇಳಿದೆ. ಎಲ್ಲರೂ ತಲೆಯಾಡಿಸಿದರು. ಕೊನೆಗೆ ಸುಮ್ನೆ ಒಂದು ಪ್ರಶ್ನೆ ಕೇಳಿದೆ: "ನಿಮ್ಮ ಗೆಳೆಯ ಮುಳುಗ್ತಾ ಇದ್ದಾನೆ, ನೀವು ದಡದಲ್ಲಿದ್ದೀರಿ. ಏನ್ ಮಾಡ್ತೀರಿ?"

"ಹಾರ್ತೀವಿ ಟೀಚರ್!"

ಇಡೀ ತರಗತಿ ಒಂದೇ ದನಿ. ಅವರಲ್ಲಿ ಮುಕ್ಕಾಲು ಮಂದಿಗೆ ಈಜು ಬರುತ್ತಿರಲಿಲ್ಲ.

ಒಬ್ಬನನ್ನು ಉಳಿಸಲು ಹೋಗಿ ಇಬ್ಬರು, ಮೂವರು ಮುಳುಗಿದ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ, ಅಲ್ವಾ? ಮುಳುಗುವವರು ಕೈಗೆ ಸಿಕ್ಕಿದ್ದನ್ನು ಹಿಡಿದು ಮೇಲೇರಲು ನೋಡುತ್ತಾರೆ. ಸಿಕ್ಕಿದ್ದು ಗೆಳೆಯನ ಕುತ್ತಿಗೆಯಾದರೆ ಅವನೂ ಕೆಳಗೆ. ಮರುವರ್ಷ ಭಾಷಣ ಬಿಟ್ಟೆ. ಪರೀಕ್ಷೆ ಮುಗಿದ ವಾರ ಮಕ್ಕಳನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ ನೆಲದ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದೆ. ಈಚೆಗೆ ದಡ, ಆಚೆಗೆ ನೀರು. ಗೆರೆ ದಾಟಿದವರು ಔಟ್. ಆಟ ಇಷ್ಟೇ.

ಮೊದಲು ನಾನೇ ಔಟಾದೆ, ಬೇಕಂತಲೇ. ತರಗತಿಯ ತೀರಾ ಪುಟ್ಟ ಹುಡುಗಿಯನ್ನು "ನೀರಿನಲ್ಲಿ" ಕೂರಿಸಿ, ನಿಂತುಕೊಂಡೇ ಬಗ್ಗಿ ಕೈ ಕೊಟ್ಟೆ. "ಜೋರಾಗಿ ಎಳಿ" ಅಂದೆ. ಒಂದೇ ಎಳೆತಕ್ಕೆ ಮುಗ್ಗರಿಸಿ ಗೆರೆಯಾಚೆ ಬಿದ್ದೆ. ಬೀಳುವ ನಾಟಕ ಆಡಬೇಕಾಗುತ್ತದೆ ಅಂದುಕೊಂಡಿದ್ದೆ, ಅದರ ಅಗತ್ಯವೇ ಬೀಳಲಿಲ್ಲ! ನಕ್ಕಿದ್ದೇ ನಕ್ಕಿದ್ದು. ಆಮೇಲೆ ಬೋರಲು ಮಲಗಿ, ಕಾಲು ಅಗಲಿಸಿ, ಉದ್ದನೆ ಕೋಲು ಚಾಚಿದೆ. ಈ ಸಲ ಎಷ್ಟು ಎಳೆದರೂ ಜಗ್ಗಲಿಲ್ಲ. ಕೋಲೇ ಬೇಕೆಂದಿಲ್ಲ, ಟವೆಲ್ ಆದೀತು, ಬೆಲ್ಟ್ ಆದೀತು. ಅಕಸ್ಮಾತ್ ಅವರು ತೀರಾ ಜಗ್ಗಿದರೆ ಕೈಬಿಡಬಹುದಾದ ವಸ್ತು ಅದು. ಕೈಗೆ ಕೈ ಸಿಕ್ಕಿಬಿದ್ದರೆ ಬಿಡಿಸಿಕೊಳ್ಳುವುದು ಕಷ್ಟ.

ಕೋಲಿಗೆ ಎಟುಕದಿದ್ದರೆ ಬಾಟಲಿ. ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿ, ಬಿಗಿಯಾದ ಮುಚ್ಚಳ, ಕತ್ತಿಗೆ ಹಗ್ಗ. ಪೂರ್ತಿ ಖಾಲಿ ಬಾಟಲಿ ಗಾಳಿಗೆ ಎಲ್ಲೆಲ್ಲೋ ಹೋಗುತ್ತದೆ. ತಳದಲ್ಲಿ ಎರಡು ಬೆರಳಷ್ಟು ನೀರು ಬಿಟ್ಟರೆ ನೇರ ಹೋಗುತ್ತದೆ, ತೇಲುತ್ತದೆ ಕೂಡ. ಮಕ್ಕಳು ಮೊದಮೊದಲು ತಲೆಗೇ ಗುರಿಯಿಟ್ಟರು. ಭುಜದ ಮೇಲಿಂದ ಆಚೆ ಬೀಳುವಂತೆ ಎಸೆದು ಎಳೆದುಕೊಂಡರೆ ಹಗ್ಗ ತಾನಾಗಿ ಕೈಗೆ ಬರುತ್ತದೆ. ಒಬ್ಬನಂತೂ ಬಾಟಲಿಯ ಜೊತೆಗೆ ಇಡೀ ಹಗ್ಗವನ್ನೇ ಎಸೆದುಬಿಟ್ಟ. ಅಂದಿನಿಂದ ಹಗ್ಗದ ತುದಿಯನ್ನು ಕಾಲಿನಲ್ಲಿ ಮೆಟ್ಟಿಕೊಂಡೇ ಎಸೆಯಬೇಕು ಅನ್ನುವ ನಿಯಮ ಬಂತು. ಅಷ್ಟರಲ್ಲಿ ಇನ್ನೊಬ್ಬರು ದೊಡ್ಡವರನ್ನು ಕೂಗುತ್ತಾ ಓಡಬೇಕು. ಮತ್ತೊಬ್ಬರು ಮುಳುಗುತ್ತಿರುವ ಜಾಗಕ್ಕೆ ಬೆರಳು ತೋರಿಸಿಕೊಂಡು ನಿಲ್ಲಬೇಕು, ಕಣ್ಣು ಕದಲಿಸದೆ.

ಮುಳುಗುವ ಪಾತ್ರ ಮಾಡಿ ಅಂದರೆ ಎಲ್ಲರೂ ಸಿನಿಮಾದಲ್ಲಿ ನೋಡಿದಂತೆ ಕೈ ಬೀಸಿ ಕಿರುಚಿದರು. ಹಾಗೆ ಕೂಗುವವರಿಗೂ ಸಹಾಯ ಬೇಕು, ಆದರೆ ಅವರಿಗೆ ಇನ್ನೂ ಉಸಿರಿದೆ. ನಿಜವಾಗಿ ಮುಳುಗುವಾಗ ಹೆಚ್ಚಾಗಿ ಸದ್ದೇ ಇರುವುದಿಲ್ಲ. ತಲೆ ಹಿಂದಕ್ಕೆ, ಬಾಯಿ ನೀರಿನ ಮಟ್ಟಕ್ಕೆ. ಕೈ ಬೀಸಲಾಗದು, ಎರಡೂ ಕೈ ನೀರನ್ನು ಕೆಳಕ್ಕೆ ಒತ್ತುತ್ತಿರುತ್ತವೆ. ಸಾಮಾನ್ಯವಾಗಿ 20ರಿಂದ 60 ಸೆಕೆಂಡು, ಅಷ್ಟೇ. ನಾನು ಮಾತಾಡದೆ ಅದನ್ನು ಮಾಡಿ ತೋರಿಸಿದಾಗ ಅಂಗಳ ಗಪ್‌ಚುಪ್.

ಹುಡುಗರ ಇನ್ನೊಂದು ಹುಚ್ಚು, ನೀರಿನಡಿ ಯಾರು ಜಾಸ್ತಿ ಹೊತ್ತು ಉಸಿರು ಹಿಡಿಯುತ್ತಾರೆ ಅನ್ನುವ ಪಂದ್ಯ. ಇಳಿಯುವ ಮೊದಲು ಜೋರುಜೋರಾಗಿ ಉಸಿರಾಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ. ಉಸಿರು ಬೇಕು ಎಂದು ಮೈ ಕೇಳುವುದೇ ಅದು ಏರಿದಾಗ. ಕೇಳುವುದು ತಡವಾಗಿ, ಆಮ್ಲಜನಕ ಮೊದಲೇ ಮುಗಿದು, ನೀರಿನಡಿಯಲ್ಲೇ ಪ್ರಜ್ಞೆ ತಪ್ಪುತ್ತದೆ. ಚೆನ್ನಾಗಿ ಈಜು ಬರುವವರಿಗೂ ಇದು ತಪ್ಪಿದ್ದಲ್ಲ. ಕಾರಣ ಬಿಡಿಸಿ ಹೇಳಿದ ಮೇಲೆ ಯಾರೂ ವಾದ ಮಾಡಲಿಲ್ಲ.

ಅಂಗೈ ಮೇಲಾಗಿ ಅಂಗಾತ ತೇಲುವುದನ್ನು ಮಾತ್ರ ನೆಲದ ಮೇಲೆ ಕಲಿಸಲಾಗದು. ಅದಕ್ಕೆ ಈಜುಕೊಳ ಬೇಕು, ತರಬೇತುದಾರರು ಬೇಕು. ಹೆತ್ತವರಿಗೆ ಅದನ್ನು ನೇರವಾಗಿಯೇ ಹೇಳುತ್ತೇನೆ. ಜೊತೆಗೆ ಇನ್ನೊಂದು: ನೀರಿನ ಹತ್ತಿರ ಹತ್ತು ಜನ ದೊಡ್ಡವರಿದ್ದರೆ ಯಾರೂ ನೋಡುತ್ತಿಲ್ಲ ಎಂದೇ ಲೆಕ್ಕ. "ಈಗ ನನ್ನ ಪಾಳಿ" ಎಂದು ಒಬ್ಬರು ಬಾಯಿಬಿಟ್ಟು ಹೇಳಲಿ. ಫೋನು ಚೀಲದಲ್ಲಿರಲಿ. ಪುಟ್ಟ ಮಕ್ಕಳು ಕೈಗೆ ಎಟುಕುವಷ್ಟು ಹತ್ತಿರವೇ ಇರಲಿ. ಗಾಳಿ ತುಂಬಿದ ಟ್ಯೂಬು ಆಟದ ಸಾಮಾನು, ಅದನ್ನು ನಂಬಿ ಈಚೆ ಬರಬೇಡಿ.

ಕಳೆದ ರಜೆ ಮುಗಿಸಿ ಬಂದ ಹುಡುಗನೊಬ್ಬ ಮೊದಲ ದಿನವೇ ದೂರು ಹೇಳಿದ. ಪ್ರವಾಸಕ್ಕೆ ಹೊರಟಾಗ ಹಗ್ಗ ಕಟ್ಟಿದ ಬಾಟಲಿಯನ್ನು ಚೀಲದಲ್ಲಿಟ್ಟುಕೊಂಡಿದ್ದನಂತೆ. ದಾರಿಯಲ್ಲಿ ಬಾಯಾರಿದ ಅವರಪ್ಪ ತಳದಲ್ಲಿದ್ದ ನೀರನ್ನು ಕುಡಿದುಬಿಟ್ಟರಂತೆ.

"ಆಮೇಲೆ?"

"ಮತ್ತೆ ಎರಡು ಬೆರಳು ತುಂಬಿಸಿಟ್ಟೆ ಟೀಚರ್."